‘ಕನ್ನಂಬಾಡಿ 130 ಅಡಿ ಮುಟ್ಟಿದೆ’ ಅನ್ನೋ ಮೆಸೇಜ್ ನಿಮಗೂ ಬಂತಾ?

ಹೋದ ಮಳೆಗಾಲದಲ್ಲಿ ನಾನು ಕಳಿಸಿದ ಒಂದು ಮೆಸೇಜಿಂದ ನಮ್ಮ ಚಿಕ್ಕಪ್ಪನ ಕೈ ಮುರಿಯಿತು. ಅದೇ ಮೆಸೇಜ್ ಈಗ ಮತ್ತೆ ಓಡಾಡುತ್ತಿದೆ. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಾನಿರೋದು ಮೈಸೂರಿನಲ್ಲಿ. ಚಿಕ್ಕಪ್ಪನ ಗದ್ದೆ ಶ್ರೀರಂಗಪಟ್ಟಣದಿಂದ ಕೆಳಗೆ, ಕಾವೇರಿ ದಡದಲ್ಲೇ. ಅವತ್ತು ಕೊಡಗಿನಲ್ಲಿ ಜೋರು ಮಳೆ. ರಾತ್ರಿ ಊಟಕ್ಕೆ ಕೂತಿದ್ದಾಗ ಹಳೇ ಸ್ನೇಹಿತರ ಗ್ರೂಪಿನಲ್ಲಿ ಒಂದು ವಿಡಿಯೋ ಬಂತು. ಅಣೆಕಟ್ಟಿನ ಗೇಟುಗಳಿಂದ ಕೆಂಪು ನೀರು ಭೋರ್ಗರೆಯುತ್ತಿದೆ. ಕೆಳಗೆ, ಕೆಆರ್‌ಎಸ್ ಅಂದರೆ ನಮ್ಮ ಕನ್ನಂಬಾಡಿ ಕಟ್ಟೆಯ ಹೆಸರಲ್ಲಿ, ‘ಕೆಆರ್‌ಎಸ್ 130 ಅಡಿ ಮುಟ್ಟಿದೆ. ಇಂದು ರಾತ್ರಿ 11ಕ್ಕೆ ಎಲ್ಲಾ ಗೇಟ್ ಓಪನ್. ದಡದವರು ಕೂಡಲೇ ಜಾಗ ಖಾಲಿ ಮಾಡಿ. ಎಲ್ಲರಿಗೂ ಶೇರ್ ಮಾಡಿ.’

ಬಲಗೈಯಲ್ಲಿ ಮುದ್ದೆ. ಎಡಗೈ ಹೆಬ್ಬೆರಳಲ್ಲೇ ಎರಡು ಗ್ರೂಪ್ ಆರಿಸೋಕೆ ಹೋದೆ, ವಾಟ್ಸಾಪ್ ಬಿಡಲಿಲ್ಲ. ಬೈದುಕೊಂಡು ಮನೆಯವರ ಗ್ರೂಪಿಗೆ ಮೊದಲು ಕಳಿಸಿದೆ. ಬಹಳ ಕೈ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸೋಕಾಗುತ್ತೆ, ಮೇಲೆ ಜೋಡಿ ಬಾಣದ ಗುರುತೂ ಇರುತ್ತೆ. ಸ್ನೇಹಿತ ತಾನೇ ಕಂಡು ಹಾಕಿದ್ದಲ್ಲ ಅಂತ ಆಗಲೇ ಗೊತ್ತಾಗಬೇಕಿತ್ತು.

ಚಿಕ್ಕಪ್ಪ ಮಗನನ್ನು ಎಬ್ಬಿಸಿಕೊಂಡು, ಟಾರ್ಚ್ ಹಿಡಿದು ಹೊಳೆ ಹತ್ತಿರದ ಮೋಟಾರ್ ಬಿಚ್ಚೋಕೆ ಓಡಿದ್ದಾರೆ. ಹೊತ್ತು ತರುವಾಗ ಕೆಸರಿನಲ್ಲಿ ಕಾಲು ಜಾರಿ ಮೋಟಾರಿನ ಸಮೇತ ಬಿದ್ದರು. ಮಣಿಕಟ್ಟು ಮುರಿಯಿತು. ಬೆಳಗ್ಗೆ ನೋಡಿದರೆ ಹೊಳೆ ಹಿಂದಿನ ದಿನ ಎಷ್ಟಿತ್ತೋ ಅಷ್ಟೇ ಇತ್ತು.

ಆಸ್ಪತ್ರೆಗೆ ಹೋದಾಗ ಬೈಯುತ್ತಾರೆ ಅಂದುಕೊಂಡಿದ್ದೆ. ‘ನೀನು ಕಳ್ಸಿದ್ದಲ್ವೇನ್ಲಾ, ಓದಿದೋನು ಅಂತ ನಂಬ್ಬುಟ್ಟೆ’ ಅಂದರು ಅಷ್ಟೇ.

ಆಮೇಲೆ ಆ ಮೆಸೇಜನ್ನು ನಿಧಾನವಾಗಿ ಓದಿದೆ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಮಂಡ್ಯದ ಟೀ ಅಂಗಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ನನಗೂ ಬಾಯಿಪಾಠ. ಆದರೂ 130 ಅಂದಾಗ ಅನುಮಾನ ಬರಲಿಲ್ಲ, ಗಾಬರಿ ಬಂತು. ‘ಇಂದು ರಾತ್ರಿ’ ಅಂತ ಇದೆ, ತಾರೀಖೇ ಇಲ್ಲ. ಯಾವತ್ತಿನ ‘ಇಂದು’? ಹಾಗಿದ್ದರೆ ಆ ಮೆಸೇಜು ಹಳೆಯದಾಗೋದೇ ಇಲ್ಲ, ಅಲ್ವಾ? ಇನ್ನು ವಿಡಿಯೋ. ಕನ್ನಂಬಾಡಿಯದು ಕಲ್ಲಿನ ಕಟ್ಟೆ, ಗೋಡೆಯಲ್ಲಿ ಸಾಲಾಗಿ ಗೇಟುಗಳು. ಅದರಲ್ಲಿದ್ದದ್ದು ಸಿಮೆಂಟ್ ಕಂಬಗಳ ಮಧ್ಯೆ ಎತ್ತರದ ಕಬ್ಬಿಣದ ಬಾಗಿಲುಗಳು. ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದೆ. ಬೇರೆ ರಾಜ್ಯದ ಅಣೆಕಟ್ಟು, ಅದೂ ಹಳೇ ವಿಡಿಯೋ. ಇಷ್ಟಕ್ಕೆ ಎರಡು ನಿಮಿಷ ಸಾಕಾಯಿತು.

ಹಾಗಂತ ನೀರು ಬಿಡೋ ಎಚ್ಚರಿಕೆಗಳೆಲ್ಲ ಸುಳ್ಳು ಅನ್ನಬೇಡಿ, ಅದು ಇನ್ನೂ ಅಪಾಯ. 2024ರ ಆಗಸ್ಟ್ ಶುರುವಿನಲ್ಲಿ ಕನ್ನಂಬಾಡಿಯ ಹೊರಹರಿವು 1 ಲಕ್ಷ ಕ್ಯುಸೆಕ್ ದಾಟಿತ್ತು. ಆದರೆ ನಿಜವಾದ ಪ್ರಕಟಣೆಯಲ್ಲಿ ತಾರೀಖು, ಒಳಹರಿವು, ಹೊರಹರಿವು, ಹೊರಡಿಸಿದ ಕಚೇರಿಯ ಹೆಸರು ಇರುತ್ತೆ. ಅನುಮಾನ ಬಂದರೆ ಪಂಚಾಯ್ತಿಗೋ ತಾಲ್ಲೂಕು ಕಚೇರಿಗೋ ಒಂದು ಫೋನ್ ಮಾಡಿ. ‘ಎಲ್ಲರಿಗೂ ಶೇರ್ ಮಾಡಿ’ ಅಂತ ಅಂಗಲಾಚುವ ಸರ್ಕಾರಿ ಪ್ರಕಟಣೆಯನ್ನು ನಾನಂತೂ ಕಂಡಿಲ್ಲ.

ಮೊನ್ನೆ ಅದೇ ವಿಡಿಯೋ ನಂಜನಗೂಡಿನ ನೆಂಟರೊಬ್ಬರಿಂದ ವಾಪಸ್ ಬಂತು. ಈ ಸಲ ಹೆಸರು ಕಬಿನಿ ಅಂತ ಬದಲಾಗಿದೆ. 130 ಅಡಿ ಮಾತ್ರ ಹಾಗೇ ಇದೆ.