‘ನಿಮ್ಮ ವ್ಯಕ್ತಿತ್ವಕ್ಕೆ ವಿಂಟೇಜೇ ಸರಿ’ ಅಂದವರು ಮನೆಗೆ ಕುಟ್ಟೆಹುಳ ಕಳಿಸಿದರು

ಕೆಲವು ಫರ್ನಿಚರ್ ಅಂಗಡಿಗಳಲ್ಲಿ ಈಗ ಹೊಸ ವರಸೆ ಶುರುವಾಗಿದೆ. ಮಂಚ ಬೇಕಾ, ಮೇಜು ಬೇಕಾ ಅಂತ ಕೇಳುವುದಿಲ್ಲ. ಕೈಗೊಂದು ಟ್ಯಾಬ್ ಕೊಟ್ಟು ಕೂರಿಸುತ್ತಾರೆ. ನಿಮಗೆ ಬೆಳಗ್ಗೆ ಇಷ್ಟವೋ, ಸಂಜೆಯೋ? ಹಳೆ ಫೋಟೊಗಳನ್ನು ಎತ್ತಿಡುತ್ತೀರಾ, ಎಸೆಯುತ್ತೀರಾ? ಮಳೆ ಬಂದರೆ ಕಿಟಕಿ ತೆರೆಯುತ್ತೀರಾ, ಮುಚ್ಚುತ್ತೀರಾ? ಕೊನೆಗೊಂದು ‘ರಿಸಲ್ಟ್’ ಬರುತ್ತದೆ. ನಮಗೆ ಬಂದಿದ್ದು ‘ವಿಂಟೇಜ್ ಮನಸ್ಸು, ಮಾಡರ್ನ್ ಬುದ್ಧಿ’. ಅದಕ್ಕೆ ತಕ್ಕ ಹಾಗೆ ಒಂದು ಹಳೆ ಸೈಡ್‌ಬೋರ್ಡ್ (ಡ್ರಾಯರ್, ಕದ ಇರುವ ಗಿಡ್ಡ ಕಪಾಟು), ಒಂದು ಹೊಸ ಸೋಫಾ, ಜೊತೆಗೆ ಬಣ್ಣ ಬಳಿದ ಪುಟ್ಟ ಕುರ್ಚಿಯೊಂದು ಪುಕ್ಕಟೆ.

ಆಮೇಲೆ ನಮ್ಮ ನೆಂಟರೊಬ್ಬರು ಅಲ್ಲಿಗೇ ಹೋಗಿ ಎಲ್ಲದಕ್ಕೂ ಉಲ್ಟಾ ಉತ್ತರ ಕೊಟ್ಟರೂ ಅವರಿಗೂ ಇಂಥದ್ದೇ ಸೈಡ್‌ಬೋರ್ಡ್ ತೋರಿಸಿದರಂತೆ. ಗೋಡೌನಿನಲ್ಲಿ ಯಾವುದು ಜಾಸ್ತಿ ಉಳಿದಿದೆಯೋ ಅದೇ ನಮ್ಮ ವ್ಯಕ್ತಿತ್ವ, ಅಷ್ಟೇ.

ಸೈಡ್‌ಬೋರ್ಡ್ ಬಗ್ಗೆ ಅವರು ಹೇಳಿದ್ದು ಇದು: ನೂರು ವರ್ಷಕ್ಕಿಂತ ಹಳೇದು, ಗಟ್ಟಿ ತೇಗ, ಒಂದೇ ಮನೆತನದಲ್ಲಿ ಇತ್ತು, ಎಲ್ಲಾ ಕೈಕೆಲಸ. ನೋಡಲು ಚೆನ್ನಾಗಿಯೇ ಇತ್ತು. ಕಪ್ಪು ಕಂದು ಬಣ್ಣ, ಹಿತ್ತಾಳೆ ಹಿಡಿಕೆ, ಅಲ್ಲಲ್ಲಿ ಗೀರು, ಸಣ್ಣ ಸಣ್ಣ ತೂತು. ತೂತಿನ ಬಗ್ಗೆ ಕೇಳಿದಾಗ ‘ಅದು ವಯಸ್ಸಿನ ಗುರುತು ಮೇಡಂ, ಹುಳ ಎಲ್ಲಾ ಯಾವತ್ತೋ ಸತ್ತುಹೋಗಿದೆ’ ಅಂದರು.

ಸತ್ತಿರಲಿಲ್ಲ. ಮನೆಗೆ ಬಂದ ಸ್ವಲ್ಪ ದಿನಕ್ಕೇ ಅದರ ಕಾಲಿನ ಬುಡದಲ್ಲಿ ಬಿಳಿ ಪುಡಿ ಕಾಣಿಸತೊಡಗಿತು. ಮುಟ್ಟಿದರೆ ಟಾಲ್ಕಂ ಪೌಡರಿನಷ್ಟು ನುಣುಪು. ಗುಡಿಸಿದರೆ ಮತ್ತೆ ಬರುತ್ತಿತ್ತು. ಡ್ರಾಯರ್ ಎಳೆದರೆ ಒಳಗೂ ಅದೇ. ಆಗ ಪರಿಚಯದ ಬಡಗಿಯೊಬ್ಬರನ್ನು ಕರೆಸಿದೆವು.

ಅವರು ಮುಂಭಾಗ ನೋಡಲೇ ಇಲ್ಲ. ಡ್ರಾಯರನ್ನು ಪೂರ್ತಿ ಹೊರಗೆ ಎಳೆದು, ಬೋರಲು ಹಾಕಿ, ಟಾರ್ಚ್ ಹಿಡಿದು ಕೂತರು. ಡ್ರಾಯರಿನ ತಳಕ್ಕೆ ಇದ್ದದ್ದು ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ. ಅಂಚಿನಲ್ಲಿ ಉಗುರಿನಿಂದ ಕೆರೆದರೆ ಕಪ್ಪು ಬಣ್ಣ ಎದ್ದು ಒಳಗಿನ ಒತ್ತಿದ ನಾರು ಕಾಣಿಸಿತು. ಎಂಡಿಎಫ್ ಮಾರುಕಟ್ಟೆಗೆ ಬಂದದ್ದೇ ಎರಡನೇ ಮಹಾಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ. ಹಲಗೆಯನ್ನು ಹಿಡಿದಿಟ್ಟಿದ್ದು ಫಳಫಳ ಹೊಳೆಯುವ ಸ್ಟೇಪಲ್ ಪಿನ್. ಕದದ ಕೀಲುಗಳಿಗೆ ಹಾಕಿದ್ದು ಪ್ಲಸ್ ಗುರುತಿನ ಸ್ಕ್ರೂ. ಈ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಡುವಿನಲ್ಲಿ. ‘ಯಾವಾಗಲೋ ರಿಪೇರಿ ಮಾಡಿ ಹೊಸ ಸ್ಕ್ರೂ ಹಾಕಿರಬಹುದಲ್ವಾ?’ ಅಂತ ಕೇಳಿದೆ. ಅವರು ಒಂದು ಕೀಲನ್ನೇ ಬಿಚ್ಚಿ ತೋರಿಸಿದರು. ‘ಹಾಗಿದ್ದರೆ ಇಲ್ಲಿ ಹಳೆ ಕೀಲಿನ ಅಚ್ಚು, ಹಳೆ ತೂತು ಏನಾದರೂ ಇರಬೇಕಿತ್ತು. ಇದು ಮೊದಲನೇ ಸ್ಕ್ರೂನೇ.’

ಗೀರುಗಳ ಕಥೆ ಇನ್ನೂ ಮಜವಾಗಿದೆ. ನಿಜವಾದ ಸವೆತ ಎಲ್ಲೆಂದರಲ್ಲಿ ಆಗುವುದಿಲ್ಲ. ಕೈ ತಾಗುವ ಹಿಡಿಕೆಯ ಸುತ್ತ, ಡ್ರಾಯರ್ ಉಜ್ಜುವ ಪಟ್ಟಿಯ ಮೇಲೆ, ಪೊರಕೆ ಬಡಿಯುವ ಕಾಲಿನ ತುದಿಯಲ್ಲಿ ಆಗುತ್ತದೆ. ಕುರ್ಚಿಯಾದರೆ ಕಾಲಿಡುವ ಅಡ್ಡಪಟ್ಟಿಯ ಮೇಲ್ಭಾಗ ಸವೆದಿರುತ್ತದೆ, ಕೆಳಭಾಗ ಹಾಗೇ ಇರುತ್ತದೆ. ನಮ್ಮ ಸೈಡ್‌ಬೋರ್ಡಿನಲ್ಲಿ ಗೋಡೆಗೆ ಅಂಟಿ ನಿಲ್ಲುವ ಹಿಂದಿನ ಕಾಲುಗಳಿಗೂ ಮುಂದಿನಷ್ಟೇ ಗೀರು! ನೂರು ವರ್ಷ ಅಲ್ಲಿ ಯಾರು ಕೂತು ಕೆರೆಯುತ್ತಿದ್ದರೋ. ಆದರೆ ಡ್ರಾಯರ್ ಜಾರುವ ಪಟ್ಟಿ ಮಾತ್ರ ಹೊಚ್ಚ ಹೊಸದರ ಹಾಗಿತ್ತು. ಮೇಲ್ಹಲಗೆಯ ತೂತುಗಳಲ್ಲಿ ಕೆಲವಕ್ಕೆ ಸೂಜಿ ಹಾಕಿದರೆ ನೇರ ಇಳಿದು ನಿಲ್ಲುತ್ತಿತ್ತು, ಅವು ಡ್ರಿಲ್ಲಿನಲ್ಲಿ ಕೊರೆದವು. ಹುಳ ಹಾಗೆ ಗೆರೆ ಎಳೆದ ಹಾಗೆ ಹೋಗುವುದಿಲ್ಲ, ಒಳಗೆ ಸುತ್ತಾಡುತ್ತದೆ.

ಹಾಗಾದರೆ ನಿಜವಾದ ಹುಳ ಎಲ್ಲಿಂದ ಬಂತು? ಒಳಗಿನ ಚೌಕಟ್ಟಿಗೆ ಬಳಸಿದ್ದು ಯಾವುದೋ ಮರದ ಹೊರಸುತ್ತಿನ ಬಿಳಿ ಭಾಗ. ಅದಕ್ಕೆ ಕಪ್ಪು ಬಣ್ಣ ಹಚ್ಚಿ ತೇಗ ಅಂದಿದ್ದರು. ಪುಡಿ ಉದುರಿಸುವ ಈ ಕುಟ್ಟೆಹುಳಕ್ಕೆ ಬೇಕಾದದ್ದು ಪಿಷ್ಟ ತುಂಬಿದ ಆ ಬಿಳಿ ಭಾಗವೇ. ಒಳಗಿನ ಕೆಚ್ಚಿನ ತಂಟೆಗೆ ಸಾಮಾನ್ಯವಾಗಿ ಅದು ಹೋಗುವುದಿಲ್ಲ. ಮರದ ಸೂಕ್ಷ್ಮ ರಂಧ್ರಗಳಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೇ ತಿಂದು ಬೆಳೆಯುತ್ತದೆ. ನಾವು ನೋಡುವ ಒಂದೆರಡು ಮಿಲಿಮೀಟರಿನ ತೂತು ಅದು ದೊಡ್ಡದಾಗಿ ಹೊರಗೆ ಬಂದ ದಾರಿ. ಅಂದರೆ ತೂತು ಕಾಣುವ ಹೊತ್ತಿಗೆ ಒಳಗಿನ ಊಟ ಮುಗಿದಿರುತ್ತದೆ. ಪಾಲಿಶ್ ಇರುವ ಕಡೆ ಹೊಸದಾಗಿ ಮೊಟ್ಟೆ ಇಡುವುದು ಕಷ್ಟ, ನಿಜ. ಆದರೆ ಒಳಗಿರುವ ಹುಳ ಪಾಲಿಶನ್ನೂ ಕೊರೆದುಕೊಂಡು ಬರುತ್ತದೆ. ಬಂದದ್ದು ಪಕ್ಕದಲ್ಲಿದ್ದ ನಮ್ಮ ಬಿದಿರಿನ ಬುಟ್ಟಿಗಳಿಗೂ ಹತ್ತಿಕೊಂಡಿತು. ಬಿದಿರು ಅಂದರೆ ಅದಕ್ಕೆ ಹಬ್ಬ.

ಹಳೆ ಮರದ ಸಾಮಾನು ಕೊಳ್ಳುವವರು ಇದೊಂದು ಪರೀಕ್ಷೆ ಮಾಡಿಯೇ ಮಾಡಿ. ಕೆಳಗೆ ಕಪ್ಪು ಕಾಗದ ಹಾಸಿ, ಮರವನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ. ತೂತಿನ ಅಂಚು ಬೆಳ್ಳಗೆ, ಪುಡಿ ತಿಳಿಬಣ್ಣದಲ್ಲಿದ್ದರೆ ಹುಳ ಜೀವಂತ ಇರುವ ಅನುಮಾನ. ಹಳೆ ತೂತಿನ ಒಳಗೆ ಕೊಳೆ, ಪಾಲಿಶ್ ಸೇರಿ ಕಪ್ಪಾಗಿರುತ್ತದೆ. ಆದರೆ ತಟ್ಟಿದಾಗ ಹಳೆ ಪುಡಿಯೂ ಉದುರಬಹುದು. ಅದಕ್ಕೆ ಈಗಿರುವ ತೂತುಗಳಿಗೆಲ್ಲ ಮೇಣ ತುಂಬಿಸಿ ಕೆಲವು ತಿಂಗಳು ಕಾಯಬೇಕು, ಹೊಸ ತೂತು ಬಿದ್ದರೆ ಖಚಿತ. ಅಂಗಡಿಯವರು ಅಷ್ಟು ಕಾಯಲು ಬಿಡುವುದಿಲ್ಲ, ಹಾಗಾಗಿ ಸಂಶಯ ಬಂದರೆ ಬಿಟ್ಟುಬಿಡುವುದೇ ಲೇಸು. ಈಗಾಗಲೇ ಮನೆಗೆ ತಂದಿದ್ದರೆ ಬೇರೆ ಮರ, ಬಿದಿರುಗಳಿಂದ ದೂರ ಇಡಿ. ಹುಳ ಕೊಲ್ಲಲು ಬೋರೇಟ್ ಅನ್ನುವ ಲವಣದ ದ್ರಾವಣ ಹಚ್ಚುತ್ತಾರೆ, ಆದರೆ ಅದು ಬರಿ ಮರಕ್ಕೆ ಮಾತ್ರ ಇಳಿಯುತ್ತದೆ. ಪಾಲಿಶ್ ಮೇಲೆ ಹಚ್ಚಿದರೆ ಸುಮ್ನೆ ದಂಡ. ಬುಟ್ಟಿಯಂಥ ಸಣ್ಣ ವಸ್ತುವಾದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ನಮ್ಮ ಬುಟ್ಟಿಗಳು ಉಳಿದದ್ದು ಹಾಗೆ.

ಇನ್ನು ‘ಮಾಡರ್ನ್ ಬುದ್ಧಿ’ಯ ಸೋಫಾ. ಕ್ಯಾಟಲಾಗಿನಲ್ಲಿ ಮೈಚಾಚಿ ಮಲಗಿದ್ದ ಎತ್ತರದ ಹುಡುಗನಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಕೂರುವ ಜಾಗದ ಆಳ 70 ಸೆಂಟಿಮೀಟರ್. ಬೆನ್ನಿಗೆ ಒರಗಿ ನೆಟ್ಟಗೆ ಕೂರುವವರಿಗೆ 50ರಿಂದ 55 ಸಾಕಾಗುತ್ತದೆ. ಅಮ್ಮ ಕೂತರೆ ಬೆನ್ನು ಒರಗಿಗೆ ತಾಗುವುದಿಲ್ಲ, ಹಿಂದಕ್ಕೆ ಸರಿದು ತಾಗಿಸಿದರೆ ಕಾಲು ನೆಲಕ್ಕೆ ತಾಗುವುದಿಲ್ಲ. ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. ಆ ಟ್ಯಾಬಿನ ಪ್ರಶ್ನೆಗಳಲ್ಲಿ ಮಳೆ, ಕಿಟಕಿ ಎಲ್ಲಾ ಇತ್ತು. ಮನೆಯಲ್ಲಿ ಮೊಣಕಾಲು ನೋವಿನವರು ಇದ್ದಾರಾ ಅನ್ನುವುದು ಮಾತ್ರ ಇರಲಿಲ್ಲ. ಯಾರು ಎಷ್ಟು ಹೊತ್ತು ಕೂರುತ್ತಾರೆ, ಎಲ್ಲಿ ಕೂತು ಓದುತ್ತಾರೆ, ಯಾರಿಗೆ ಏಳಲು ಕೈಹಿಡಿ ಬೇಕು, ಮಕ್ಕಳು ಎಲ್ಲಿ ಹತ್ತುತ್ತಾರೆ, ಇದೇ ಅಲ್ವಾ ನಿಜವಾದ ವ್ಯಕ್ತಿತ್ವ?

ಹಳೇದು ಅಂದರೆ ಒಂದು ಥರದ ಜನ, ಹೊಸದು ಅಂದರೆ ಇನ್ನೊಂದು ಥರದ ಜನ ಅನ್ನುವುದೇ ಮಾರಾಟದ ಮಾತು. ಹೋಟೆಲುಗಳಲ್ಲಿ ಕಾಣುವ, ಬಾಗಿಸಿದ ಮರದ ಥೋನೆಟ್ ಕುರ್ಚಿ 1859ರದ್ದು. ಆರು ಮರದ ತುಂಡು, ಒಂದಿಷ್ಟು ಸ್ಕ್ರೂ, ಅಷ್ಟೇ. ಬಿಚ್ಚಿ ಪೆಟ್ಟಿಗೆಗೆ ತುಂಬಿ ಕಳಿಸುತ್ತಿದ್ದರು. ಈಗಿನ ಫ್ಲ್ಯಾಟ್ ಪ್ಯಾಕ್‌ನವರು ಮಾಡುವುದೂ ಅದನ್ನೇ. ನಮಗೆ ‘ಅಲ್ಟ್ರಾ ಮಾಡರ್ನ್’ ಅಂತ ತೋರಿಸಿದ ಸ್ಟೀಲ್ ಪೈಪಿನ ಕುರ್ಚಿಯ ವಿನ್ಯಾಸ 1920ರ ದಶಕದ್ದು! ಎರಡನ್ನೂ ಒಂದೇ ಕೋಣೆಯಲ್ಲಿ ಇಡಬಹುದು. ಎತ್ತರ ಹೊಂದಬೇಕು, ಅಷ್ಟೇ. ಊಟದ ಮೇಜು ಸಾಧಾರಣವಾಗಿ 75 ಸೆಂಟಿಮೀಟರ್ ಆಸುಪಾಸು, ಕುರ್ಚಿ 45. ಹಳೆ ಮೇಜಿಗೆ ಹೊಸ ಕುರ್ಚಿ ಸೇರಿಸುವಾಗ ಹಲಗೆಯ ಕೆಳಗಿನ ಅಡ್ಡಪಟ್ಟಿ ತೊಡೆಗೆ ತಗುಲುತ್ತದೆಯೇ ಅಂತ ಕೂತೇ ನೋಡಿ.

ಪುಕ್ಕಟೆ ಬಂದ ಪುಟ್ಟ ಕುರ್ಚಿ ಮಾತ್ರ ನಿಜವಾಗಲೂ ಹಳೇದೇ ಇರಬೇಕು, ಬಣ್ಣ ಪದರ ಪದರವಾಗಿ ಏಳುತ್ತಿತ್ತು. ‘ಉಪ್ಪುಕಾಗದದಲ್ಲಿ ಉಜ್ಜಿ, ಮಗುವಿಗೆ ಕೊಡಿ’ ಅಂದಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಹಳೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಕ್ಕೆ ಅದನ್ನು ನಿಷೇಧಿಸಿದ್ದು 1978ರಲ್ಲಿ, ಎಷ್ಟೋ ಕಡೆ ಇನ್ನೂ ತಡವಾಗಿ. ಉಜ್ಜಿದರೆ ಅದು ಧೂಳಾಗಿ ಮಕ್ಕಳ ಹೊಟ್ಟೆ ಸೇರುತ್ತದೆ. ನಾವು ಅದನ್ನು ಮಗುವಿನ ಕೈಗೆ ಕೊಡಲಿಲ್ಲ.

ಅಂಗಡಿಗೆ ಹೋಗಿ ಕೇಳಿದರೆ ಮಾತು ದಿನಕ್ಕೊಂದು. ಹುಳದ ಫೋಟೊ ತೋರಿಸಿದಾಗ ‘ಹಳೇದು ಅಂದ ಮೇಲೆ ಹುಳ ಇರಲ್ವಾ ಮೇಡಂ, ಅದೇ ಅದರ ಕ್ಯಾರೆಕ್ಟರ್’ ಅಂದರು. ಎಂಡಿಎಫ್ ಫೋಟೊ ತೋರಿಸಿದಾಗ ‘ನಾವು ಹಳೇದು ಅಂತ ಎಲ್ಲಿ ಬರೆದಿದ್ದೀವಿ?’ ಅಂದರು. ಬಿಲ್ ತೆಗೆದು ನೋಡಿದರೆ ‘ವಿಂಟೇಜ್ ಸ್ಟೈಲ್ ಸೈಡ್‌ಬೋರ್ಡ್, ತೇಗದ ಫಿನಿಶ್’ ಅಂತ ಇತ್ತು. ಮರದ ಹೆಸರಿಲ್ಲ, ವರ್ಷವಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಇದ್ದ ಸ್ಥಿತಿಯಲ್ಲೇ ಮಾರಾಟ’. ಬಾಯಲ್ಲಿ ಹೇಳಿದ ನೂರು ವರ್ಷ, ಮನೆತನ, ಗಟ್ಟಿ ತೇಗ ಯಾವುದೂ ಕಾಗದದಲ್ಲಿ ಇರಲಿಲ್ಲ. ಬಹಳ ಜಗಳದ ಮೇಲೆ ಸೋಫಾ ವಾಪಸ್ ತೆಗೆದುಕೊಂಡು, ಒಂದಿಷ್ಟು ಮುರಿದುಕೊಂಡು ಉಳಿದದ್ದಕ್ಕೆ ಕ್ರೆಡಿಟ್ ನೋಟ್ ಕೊಟ್ಟರು. ಅದನ್ನು ಮತ್ತೆ ಅವರ ಹತ್ತಿರವೇ ಖರ್ಚು ಮಾಡಬೇಕಂತೆ!

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲು ಬಿಲ್ಲಿನಲ್ಲಿ ಇಷ್ಟು ಬರೆಸಿಕೊಳ್ಳಿ: ಯಾವ ಮರ, ಚೌಕಟ್ಟು, ತಳ, ಹಿಂಬದಿ ಯಾವುದರದ್ದು, ಅಂದಾಜು ಎಷ್ಟು ವರ್ಷ ಹಳೇದು, ಏನೇನು ಬದಲಾಯಿಸಿದ್ದಾರೆ, ಹುಳಕ್ಕೆ ಔಷಧಿ ಹೊಡೆದಿದ್ದರೆ ಯಾವುದು, ಹುಳ ಕಂಡರೆ ಎಷ್ಟು ದಿನದೊಳಗೆ ದುಡ್ಡು ವಾಪಸ್. ಕ್ರೆಡಿಟ್ ನೋಟ್ ಅಲ್ಲ, ದುಡ್ಡು. ನಮ್ಮ ನೆಂಟರು ಇದನ್ನು ಬರೆದುಕೊಡಿ ಅಂದಾಗ ಸೇಲ್ಸ್ ಹುಡುಗ ಟ್ಯಾಬ್ ಎತ್ತಿಕೊಂಡು ‘ನಿಮ್ಮ ಪರ್ಸನಾಲಿಟಿಗೆ ನಮ್ಮಲ್ಲಿ ಸದ್ಯ ಸ್ಟಾಕ್ ಇಲ್ಲ ಸಾರ್’ ಅಂದನಂತೆ.