ಕಾವಿಗೆ ಕೂತ ಹ್ಯಾಟೆಗೆ ಯಾವುದು ಒಳ್ಳೇದು: ಮಂಕರಿ, ಮರದ ಪೆಟ್ಟಿಗೆ, ಕ್ರೇಟ್?

ಗಿರಿರಾಜ ಕೋಳಿ ಮೊಟ್ಟೆ ಇಡುತ್ತದೆ, ಕಾವಿಗೆ ಕೂರುವುದಿಲ್ಲ. ಮನೆಯಲ್ಲೇ ಮರಿ ಮಾಡಿಸಬೇಕು ಅಂದರೆ ನಾಟಿ ಹ್ಯಾಟೆಯೇ (ಹೆಣ್ಣು ಕೋಳಿ) ಬೇಕು. ಅದರ ಕೆಲಸ ಅದಕ್ಕೆ ಗೊತ್ತು. ನಾವು ಅದನ್ನು ಯಾವುದರಲ್ಲಿ ಕೂರಿಸುತ್ತೇವೆ ಅನ್ನೋದರ ಮೇಲೆ ಎಷ್ಟು ಮರಿ ಏಳುತ್ತವೆ ಅನ್ನೋದು ನಿಂತಿದೆ. ಮೂರನ್ನೂ ನಮ್ಮ ಕೊಟ್ಟಿಗೆಯಲ್ಲಿ ಇಟ್ಟು ನೋಡಿದ್ದೇನೆ.

ಮೊದಲು ಮರದ ಪೆಟ್ಟಿಗೆ. ಒಂದಡಿ ಅಗಲದ ಖಾನೆಗಳ ಸಾಲು, ನೆಲದಿಂದ ಎತ್ತರದಲ್ಲಿ, ಒಳಗೆ ಮಬ್ಬುಗತ್ತಲು. ಮೊಟ್ಟೆ ಇಡೋದಕ್ಕೆ ಇದಕ್ಕಿಂತ ಒಳ್ಳೇದು ಇಲ್ಲ. ಮರಿ ಮಾಡಿಸೋದಕ್ಕೆ ಮಾತ್ರ ಬೇಡವೇ ಬೇಡ. ಎಷ್ಟು ಖಾನೆ ಇದ್ದರೂ ಕೋಳಿಗಳಿಗೆಲ್ಲ ಒಂದೇ ಖಾನೆ ಬೇಕು. ಕಾವಿಗೆ ಕೂತ ಹ್ಯಾಟೆಯ ಮೈಮೇಲೇ ಹತ್ತಿ ಕೂತು ಇನ್ನೊಂದು ಕೋಳಿ ಮೊಟ್ಟೆ ಇಟ್ಟು ಹೋಗುತ್ತದೆ. 21 ದಿನಕ್ಕೆ ಮೊದಲ ಮರಿಗಳು ಎದ್ದವೋ, ತಾಯಿ ಅವುಗಳ ಜೊತೆ ಎದ್ದು ಹೊರಡುತ್ತದೆ. ತಡವಾಗಿ ಸೇರಿದ ಮೊಟ್ಟೆಗಳು ಒಳಗೆ ಅರ್ಧ ಬೆಳೆದ ಮರಿ ಇಟ್ಟುಕೊಂಡು ತಣ್ಣಗಾಗುತ್ತವೆ. ಇನ್ನೊಂದು ತೊಂದರೆ, ಮೇವಿಗೆ ಎದ್ದ ಹ್ಯಾಟೆ ವಾಪಸ್ ಬಂದಾಗ ಜಾಗದಲ್ಲಿ ಬೇರೆಯದು ಕೂತಿದ್ದರೆ, ಪಕ್ಕದ ಖಾಲಿ ಖಾನೆಗೆ ಹೋಗಿ ಸುಮ್ನೆ ಕೂತುಬಿಡುತ್ತದೆ. ಪೆನ್ಸಿಲ್‌ನಲ್ಲಿ ಗುರುತು ಮಾಡಿಟ್ಟು ಹೊಸ ಮೊಟ್ಟೆಗಳನ್ನು ದಿನಾ ತೆಗೆಯಬಹುದು. ಆದರೆ ಜಾಗದ ಜಗಳ ಹಾಗೇ ಉಳಿಯುತ್ತದೆ.

ಬಿದಿರಿನ ಮಂಕರಿಯ ಗುಣವೆಲ್ಲ ಅದರ ತಳದಲ್ಲಿದೆ. ಗುಂಡಗಿರುವುದರಿಂದ ಮೊಟ್ಟೆಗಳು ತಾವಾಗೇ ನಡುವೆ ಸೇರಿ ಹೊಟ್ಟೆಯ ಕೆಳಗೇ ಇರುತ್ತವೆ. ಕೆಳಗೆ ಒಣಮಣ್ಣು, ಬೂದಿ, ಮೇಲೆ ಭತ್ತದ ಹುಲ್ಲು ಹಾಸಿದರೆ ಸಾಕು. ಗಾಳಿಯೂ ಆಡುತ್ತದೆ. ಇದರ ಶತ್ರು ಕೋಳಿ ಹೇನು. ಹೆಣಿಗೆಯ ಸಂದಿಯಲ್ಲಿ ಹಗಲೆಲ್ಲ ಅಡಗಿದ್ದು, ರಾತ್ರಿ ಬಂದು ರಕ್ತ ಹೀರುತ್ತದೆ. ಎರಡನೇ ವಾರದಲ್ಲಿ ಹ್ಯಾಟೆ ಮತ್ತೆ ಮತ್ತೆ ಎದ್ದು ನಿಲ್ಲುತ್ತಿದ್ದರೆ ಅದರ ಹೊಟ್ಟೆ ಕೆಳಗೆ ಕೈ ಇಟ್ಟು ನೋಡಿ. ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿಗಳು ಮಣಿಕಟ್ಟಿನ ಮೇಲೆ ಸಾಲಾಗಿ ಹತ್ತುತ್ತವೆ. ಆಮೇಲೆ ಹ್ಯಾಟೆ ಗೂಡು ಬಿಟ್ಟರೆ ತಪ್ಪು ಅದರದ್ದಲ್ಲ. ಬೇವಿನ ಸೊಪ್ಪು, ಬೂದಿ ಸ್ವಲ್ಪ ತಡೆಯುತ್ತವೆ. ಒಮ್ಮೆ ಹೇನು ಸೇರಿದ ಮಂಕರಿಯನ್ನು ನಾನು ಸುಟ್ಟೇ ಹಾಕುತ್ತೇನೆ.

ಪ್ಲಾಸ್ಟಿಕ್ ಕ್ರೇಟ್ ನೋಡೋಕೆ ಚೆನ್ನಾಗಿಲ್ಲ, ಆದರೂ ಈಗ ನಾನು ಬಳಸೋದು ಅದನ್ನೇ. ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟರೆ ಹೇನು ಉಳಿಯೋದು ಕಷ್ಟ. ಹಾಗೇ ಬಳಸಿದರೆ ಮಾತ್ರ ಕೆಲಸಕ್ಕೆ ಬಾರದು: ತಳ ಚಪ್ಪಟೆ, ಮೊಟ್ಟೆಗಳು ಮೂಲೆಗೆ ಉರುಳಿ ತಣ್ಣಗಾಗುತ್ತವೆ. ಅದಕ್ಕೇ ಮೂಲೆಗಳಿಗೆ ಮಣ್ಣು ಒತ್ತಿ ತುಂಬಿ, ನಡುವೆ ಅಂಗೈಯಲ್ಲಿ ಅದುಮಿ ಗುಂಡಿ ಮಾಡುತ್ತೇನೆ. ಮಂಕರಿಯ ತಳ ಕ್ರೇಟಿನೊಳಗೆ ಬಂದ ಹಾಗಾಯ್ತು. ಮೂರು ಕಡೆಗೆ ಗೋಣಿಚೀಲ ಕಟ್ಟಿದರೆ ಗಾಳಿಯೂ ನಿಲ್ಲುತ್ತದೆ, ಕತ್ತಲೂ ಆಗುತ್ತದೆ.

ಇನ್‌ಕ್ಯುಬೇಟರ್ ಇದೆಯಲ್ವಾ ಅಂತ ಕೇಳುವವರಿದ್ದಾರೆ. ಮೊಟ್ಟೆ ರಾಶಿ ಇದ್ದರೆ ಸರಿ. ಆದರೆ 37.5 ಡಿಗ್ರಿ ಹಿಡಿದಿಡಬೇಕು, ಕರೆಂಟ್ ಹೋಗಬಾರದು, ಮರಿ ಎದ್ದ ಮೇಲೆ ಬಲ್ಬಿನ ಕಾವು ಬೇರೆ. ಹ್ಯಾಟೆ ಇದೆಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ, ಮರಿಗಳಿಗೆ ಕೆದಕೋದನ್ನೂ ಕಲಿಸುತ್ತದೆ.

ಪೆಟ್ಟಿಗೆಯಲ್ಲಿ ಕಾವು ಬಂದ ಹ್ಯಾಟೆಯನ್ನು ಕ್ರೇಟಿಗೆ ರಾತ್ರಿಯೇ ಸಾಗಿಸಬೇಕು, ಹಗಲು ಎತ್ತಿದರೆ ಹಳೇ ಜಾಗಕ್ಕೇ ಓಡುತ್ತದೆ. ಒಂದೆರಡು ದಿನ ಬೇಡದ ಮೊಟ್ಟೆ ಇಟ್ಟು, ಗಟ್ಟಿಯಾಗಿ ಕೂತಿದೆ ಅಂತ ಖಾತ್ರಿಯಾದ ಮೇಲೆ ಒಳ್ಳೇ ಮೊಟ್ಟೆಗಳನ್ನೆಲ್ಲ ಒಟ್ಟಿಗೇ ಇಡಿ. ವಾರಕ್ಕಿಂತ ಹಳೆಯದು ಬೇಡ. ಹತ್ತು ಹನ್ನೆರಡು ಸಾಕು. ಏಳನೇ ರಾತ್ರಿ ಟಾರ್ಚ್ ಹಿಡಿದರೆ ಕೆಂಪು ನರಗಳ ಜಾಲ ಕಾಣಬೇಕು, ತಿಳಿಯಾಗಿದ್ದರೆ ಗೊಡ್ಡು.

ಕ್ರೇಟಿನ ಮುಂಭಾಗ ಕತ್ತರಿಸುವಾಗ ಒಳಗಿನ ಹುಲ್ಲಿನಿಂದ ನಾಲ್ಕು ಬೆರಳಷ್ಟು ಅಂಚು ಬಿಡಿ. ಜಾಸ್ತಿ ಎತ್ತರ ಆದರೆ ಹ್ಯಾಟೆ ಮೇಲಿಂದ ಹಾರಿ ಮೊಟ್ಟೆ ಒಡೆಯುತ್ತದೆ. ತೀರಾ ತಗ್ಗಾದರೆ ಆಗಷ್ಟೇ ಎದ್ದ ಮರಿ ಹೊರಗೆ ಉರುಳಿ, ಒಳಗೆ ಬರಲಾಗದೆ ಚಳಿಗೆ ಸಾಯುತ್ತದೆ.