ಕಾಂಬೋಡಿಯಾದ ಅನಾಥಾಶ್ರಮಕ್ಕೆ ಸೇವೆ ಮಾಡಲು ಹೊರಟಿದ್ದೀರಾ? ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಇದನ್ನು ಬರೆಯೋದಾ ಬೇಡ್ವಾ ಅಂತ ತಿಂಗಳುಗಟ್ಟಲೆ ಒದ್ದಾಡಿದ್ದೇನೆ. ದುಡ್ಡು ಹೋದದ್ದು ಒಂದು ಕಡೆ ಇರಲಿ. ಆಫೀಸಿನಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡು, ಅವರ ಹತ್ತಿರವೂ ಚಂದಾ ಎತ್ತಿಕೊಂಡು ಹೋಗಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ? ಆದರೆ ಹೋದ ವಾರ ಪರಿಚಯದ ಹುಡುಗಿಯೊಬ್ಬಳು "ನೀವು ಹೋಗಿದ್ದ ಆಶ್ರಮದ ನಂಬರ್ ಕೊಡಿ, ನಾನೂ ಹೋಗ್ತೀನಿ" ಅಂತ ಮೆಸೇಜ್ ಮಾಡಿದಳು. ಎದೆ ಧಸಕ್ಕೆಂದಿತು. ಇನ್ನು ಸುಮ್ಮನಿರೋದು ತಪ್ಪು ಅನ್ನಿಸಿತು.

ಊರು ಸಿಯೆಮ್ ರೀಪ್, ಅಂಕೋರ್ ವಾಟ್ ಇರುವ ಊರು. 2024ರ ಸೆಪ್ಟೆಂಬರ್, ಒಳ್ಳೇ ಮಳೆಗಾಲ. ಊರಾಚೆ ಕೆಸರು ರಸ್ತೆಯ ಕೊನೆಗೆ ಒಂದು ಆಶ್ರಮ, 24 ಮಕ್ಕಳು. ನಾಲ್ಕು ವಾರ ಇಂಗ್ಲಿಷ್ ಕಲಿಸಬೇಕು. ರೂಮು, ಊಟ ಸೇರಿ 1,140 ಡಾಲರ್ ನಾನೇ ಕಟ್ಟಬೇಕು. "ಇದರಲ್ಲಿ ಜಾಸ್ತಿ ಪಾಲು ಮಕ್ಕಳ ಅನ್ನಕ್ಕೇ ಹೋಗುತ್ತದೆ" ಅಂದರು. ಕಟ್ಟಿದೆ.

ನನ್ನ ಹತ್ತಿರ ಅವರು ಕೇಳಿದ್ದು ಏನು ಗೊತ್ತಾ? ಪಾಸ್‌ಪೋರ್ಟಿನ ಫೋಟೋ, ದುಡ್ಡು. ಅಷ್ಟೇ. ಪೊಲೀಸ್ ವೆರಿಫಿಕೇಶನ್ ಇಲ್ಲ. ಮಕ್ಕಳಿಗೆ ಯಾವತ್ತಾದರೂ ಪಾಠ ಹೇಳಿದ್ದೀರಾ ಅಂತ ಒಂದು ಪ್ರಶ್ನೆ ಇಲ್ಲ. ಎಷ್ಟು ಸಲೀಸಾಗಿ ಆಯಿತು ಅಂತ ಖುಷಿಪಟ್ಟವನು ನಾನು. ಗುರುತು ಪರಿಚಯ ಇಲ್ಲದ ಯಾರನ್ನು ಬೇಕಾದರೂ ಮಕ್ಕಳ ಮನೆಯೊಳಗೆ ಹೀಗೇ ಬಿಟ್ಟುಕೊಳ್ಳುತ್ತಾರಲ್ವಾ ಅಂತ ತಲೆಗೇ ಹೋಗಲಿಲ್ಲ. ವೀಸಾ ಬಗ್ಗೆ ಕೇಳಿದ್ದಕ್ಕೆ, "ಟೂರಿಸ್ಟ್ ವೀಸಾ ಸಾಕು. ಯಾರಾದರೂ ಕೇಳಿದರೆ ದೇವಸ್ಥಾನ ನೋಡೋಕೆ ಬಂದೆ ಅನ್ನಿ" ಅಂದರು. ಅಲ್ಲಿ ಟೂರಿಸ್ಟ್ ವೀಸಾಗೆ 30 ಡಾಲರ್. ಇಂಥ ಕೆಲಸಕ್ಕೆ ಹೋಗುವವರು ತೆಗೆದುಕೊಳ್ಳಬೇಕಾದ ಆರ್ಡಿನರಿ ವೀಸಾಗೆ 35. ಬರೀ ಐದು ಡಾಲರ್ ವ್ಯತ್ಯಾಸಕ್ಕೆ ಯಾಕೆ ಸುಳ್ಳು ಹೇಳಿಸಿದರು? ಅದು ಕೊನೆಗೆ ಗೊತ್ತಾಯಿತು.

ಮೊದಲ ದಿನವೇ ಕೋ-ಆರ್ಡಿನೇಟರ್ ಒಂದು ನಿಯಮ ಹೇಳಿದ. "ಮಕ್ಕಳ ಹತ್ತಿರ ಅಪ್ಪ ಅಮ್ಮನ ಮಾತು ಎತ್ತಬೇಡಿ. ಪಾಪ, ಅಳುತ್ತವೆ." ಎಷ್ಟು ಸೂಕ್ಷ್ಮದ ಮನುಷ್ಯ ಅನ್ನಿಸಿತು ನನಗೆ. ಪಾಠಕ್ಕೆ ಅಂತ ತಂದಿದ್ದ ಚಿತ್ರದ ಕಾರ್ಡುಗಳಲ್ಲಿ ತಾಯಿಯ ಕಾರ್ಡನ್ನು ನಾನೇ ತೆಗೆದು ಬ್ಯಾಗಿನಲ್ಲಿ ಇಟ್ಟುಬಿಟ್ಟೆ. ಅದರ ಹಿಂದೆ ಅಮ್ಮ ಅನ್ನೋದಕ್ಕೆ ಅಲ್ಲಿನ ಖ್ಮೇರ್ ಭಾಷೆಯ ಮಾತು ಬರೆದುಕೊಂಡಿದ್ದೆ: ಮಾಕ್.

ಎಂಟು ವರ್ಷದ ಒಬ್ಬಳು ತನ್ನ ನೋಟ್‌ಬುಕ್ ತಂದು ತೋರಿಸಿದಳು. ಮೊದಲ ಪುಟದಲ್ಲಿ 'ಮೈ ನೇಮ್ ಈಸ್'. ಆರೇಳು ಪುಟ ಆದಮೇಲೆ ಮತ್ತೆ 'ಮೈ ನೇಮ್ ಈಸ್', ಬೇರೆ ಕೈಬರಹ, ಪಕ್ಕದಲ್ಲಿ ಹೂವಿನ ಸ್ಟಿಕ್ಕರ್. ಮತ್ತೆ ಅದೇ, ಕೆಂಪು ಪೆನ್ನಿನಲ್ಲಿ. ಒಟ್ಟು ಐದು ಸಲ. ಎರಡೆರಡು ವಾರಕ್ಕೆ ನನ್ನಂಥವರು ಬರುತ್ತಾರೆ, ಎಲ್ಲರೂ ಮೊದಲಿನಿಂದ ಶುರು ಮಾಡುತ್ತಾರೆ, ಹೋಗುತ್ತಾರೆ. ಆ ಹುಡುಗಿಗೆ ಅದು ಬಾಯಿಪಾಠ. ನಾನು ಆರನೇ ಟೀಚರ್. ನನ್ನ ಮೊದಲ ಪಾಠವೂ ಅದೇ ಆಗಿತ್ತು.

ಆಗಲಾದರೂ ಅನುಮಾನ ಬರಬೇಕಿತ್ತು. ಇಲ್ಲ. ಚಪ್ಪಲಿ ವಿಷಯದಲ್ಲೂ ಬರಲಿಲ್ಲ. ಪ್ಸಾ ಲ್ಯೂ ಮಾರ್ಕೆಟ್ಟಿಗೆ ಹೋಗಿ ಎಲ್ಲ ಮಕ್ಕಳಿಗೂ ಚಪ್ಪಲಿ ತಂದೆ, ಜೋಡಿಗೆ 8,000 ರಿಯೆಲ್, ಅಂದರೆ ಸುಮಾರು 2 ಡಾಲರ್. ಮಾರನೇ ದಿನ ಸಂಜೆ ಪ್ರವಾಸಿಗರ ವ್ಯಾನ್ ಬಂತು. ನೋಡಿದರೆ ಎಲ್ಲ ಮಕ್ಕಳೂ ಬರಿಗಾಲಲ್ಲಿ ಸಾಲಾಗಿ ನಿಂತು ಹಾಡುತ್ತಿವೆ. ಚಪ್ಪಲಿ ಎಲ್ಲಿ ಅಂದೆ. "ಸವೆದುಹೋಗುತ್ತವೆ ಅಂತ ಒಳಗೆ ಇಟ್ಟಿದ್ದೇವೆ" ಅಂದರು. ಮುಂದೆ ಹುಂಡಿ ಇತ್ತು. ನಾನೂ ಅದಕ್ಕೆ 20 ಡಾಲರ್ ಹಾಕಿದೆ! ನನ್ನ ದಡ್ಡತನಕ್ಕೆ ಏನು ಹೇಳೋಣ.

ಸತ್ಯ ಗೊತ್ತಾದದ್ದು ಪ್ಚುಮ್ ಬೆನ್ ಹಬ್ಬದಲ್ಲಿ. ನಮ್ಮ ಪಿತೃಪಕ್ಷದ ದಿನಗಳಲ್ಲೇ ಬರುವ ಹಬ್ಬ, ಅಲ್ಲೂ ಹದಿನೈದು ದಿನ, ತೀರಿಹೋದ ಹಿರಿಯರಿಗೆ ಅನ್ನ ಇಡುವುದು. ಆ ವರ್ಷ ಅಕ್ಟೋಬರ್ 1ರಿಂದ 3 ರಜೆ. ಜನ ಎಲ್ಲಿದ್ದರೂ ಊರಿಗೆ ಹೋಗುತ್ತಾರೆ. ಈ ಮಕ್ಕಳು ಪಾಪ, ಸತ್ತ ಅಪ್ಪ ಅಮ್ಮನಿಗೆ ಪಗೋಡದಲ್ಲಿ ಅನ್ನ ಇಡುತ್ತಾರೆ ಅಂದುಕೊಂಡು ನಾನು ಹಿಂದಿನ ರಾತ್ರಿಯೇ ಮನಸ್ಸು ಭಾರ ಮಾಡಿಕೊಂಡು ಕೂತಿದ್ದೆ.

ಬೆಳಿಗ್ಗೆ ಏಳು ಗಂಟೆ. ಗೇಟಿನ ಹತ್ತಿರ ಒಂದು ಬೈಕ್ ಬಂದು ನಿಂತಿತು. ತಲೆಗೆ ಕ್ರಾಮಾ, ಅಂದರೆ ಅಲ್ಲಿನ ಚೌಕಳಿ ವಸ್ತ್ರ, ಸುತ್ತಿಕೊಂಡ ಹೆಂಗಸು ಇಳಿದಳು, ಮೊಣಕಾಲವರೆಗೂ ಕೆಸರು. ನೋಟ್‌ಬುಕ್ಕಿನ ಹುಡುಗಿ ನನ್ನ ಪಕ್ಕದಲ್ಲೇ ಇದ್ದಳು. ಎದ್ದವಳೇ ಓಡಿದಳು. "ಮಾಕ್! ಮಾಕ್!"

ಆ ಕಾರ್ಡು ಇನ್ನೂ ನನ್ನ ಬ್ಯಾಗಿನಲ್ಲೇ ಇತ್ತು.

ಹೆಂಗಸು ಬಾಳೆ ಎಲೆಯಲ್ಲಿ ಕಟ್ಟಿದ ಅನ್ಸೋಮ್ ತಂದಿದ್ದಳು, ಹಬ್ಬಕ್ಕೆ ಮಾಡುವ ಅಂಟು ಅಕ್ಕಿಯ ಕಡುಬು. ನನಗೂ ಎರಡು ಕೊಟ್ಟು ಕೈಮುಗಿದಳು. ನನ್ನ ಟುಕ್‌ಟುಕ್ ಡ್ರೈವರಿಗೆ ಇಂಗ್ಲಿಷ್ ಬರುತ್ತಿತ್ತು, ಅವನ ಬಾಯಿಂದ ಕೇಳಿಸಿದೆ. ಅವಳ ಊರು ಚಿಕ್ರೆಂಗ್ ಕಡೆ, 6ನೇ ನಂಬರ್ ಹೆದ್ದಾರಿಯಲ್ಲಿ. ಒಬ್ಬ ಹಳ್ಳಿಗೆ ಬಂದು, ಮಗಳಿಗೆ ಒಳ್ಳೇ ಸ್ಕೂಲು, ಇಂಗ್ಲಿಷ್ ಕೊಡಿಸುತ್ತೇವೆ ಅಂದನಂತೆ. ಕಳಿಸಿದಳಂತೆ. ವಿದೇಶಿಯರು ಇರುವಾಗ ಬರಬೇಡ ಅಂದಿದ್ದರಂತೆ. ಹಬ್ಬ ಅಲ್ವಾ, ತಡೆಯಲಾಗಲಿಲ್ಲ, ಬಂದೆ ಅಂದಳು. ಮಧ್ಯಾಹ್ನದ ಹೊತ್ತಿಗೆ ಹದಿನೇಳು ಮಕ್ಕಳು ಊರಿಗೆ ಹೋದವು. ಹದಿನೇಳು "ಅನಾಥ" ಮಕ್ಕಳು!

ಕೋ-ಆರ್ಡಿನೇಟರ್‌ನನ್ನು ಕೇಳಿದೆ. ಅವನ ಉತ್ತರಗಳನ್ನು ಹಾಗೇ ಹಾಕುತ್ತೇನೆ, ಎಲ್ಲ ವಾಟ್ಸಾಪ್‌ನಲ್ಲಿ ಇವೆ.

"ಅಮ್ಮ ಇದ್ದರೆ ಏನಾಯಿತು, ಬಡವಳು ತಾನೇ?"

"ನೀವು ಭಾವುಕರಾಗಿದ್ದೀರಿ, ರೆಸ್ಟ್ ತಗೊಳ್ಳಿ."

"ಬೇರೆ ಯಾರೂ ಇದುವರೆಗೆ ದೂರು ಹೇಳಿಲ್ಲ."

ಉಳಿದ ಒಂದೂವರೆ ವಾರದ ದುಡ್ಡು ವಾಪಸ್ ಕೊಡಿ ಅಂದೆ. "ರಸೀದಿ ನೋಡಿ, ಅದು ಪ್ರೋಗ್ರಾಂ ಫೀ. ವಾಪಸ್ ಇಲ್ಲ." ನೋಡಿದೆ. ನಿಜ, ದೇಣಿಗೆ ಅನ್ನೋ ಪದವೇ ಇಲ್ಲ. ಹಾಗಾದರೆ ದೂರು ಕೊಡುತ್ತೇನೆ ಅಂದೆ. ಐದು ನಿಮಿಷ ಬಿಟ್ಟು ಬಂದ ಉತ್ತರ: "ಕೊಡಿ. ಆದರೆ ನೀವು ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡಿದ್ದೀರಿ, ಅದೂ ನೆನಪಿರಲಿ." ಜೊತೆಗೆ ಒಂದು ನಗುವ ಮುಖ. ಅದನ್ನು ನೋಡಿ ಬಾಯಿ ಒಣಗಿತು. ವೀಸಾ ಸುಳ್ಳು ಯಾಕೆ ಹೇಳಿಸಿದ್ದರು ಅಂತ ಆಗ ಅರ್ಥವಾಯಿತು. ದೂರು ಕೊಡಲಿಲ್ಲ. ಹೆದರಿಕೊಂಡು ವಿಮಾನ ಹತ್ತಿದೆ. ಈ ಪೋಸ್ಟ್‌ನಲ್ಲಿ ನನಗೆ ಜಾಸ್ತಿ ನಾಚಿಕೆ ತರುವ ಸಾಲು ಇದೇ.

ಆಮೇಲೆ ಓದುತ್ತಾ ಹೋದರೆ ಇದೆಲ್ಲ ಹಳೇ ಕಥೆ. 2011ರಲ್ಲೇ ಯುನಿಸೆಫ್ ಜೊತೆ ಸೇರಿ ಕಾಂಬೋಡಿಯಾ ಸರ್ಕಾರ ಮಾಡಿದ ಅಧ್ಯಯನ ಇದೆ. 2005ರಿಂದ 2010ರೊಳಗೆ ಅಲ್ಲಿ ಅನಾಥಾಶ್ರಮಗಳ ಸಂಖ್ಯೆ 75% ಹೆಚ್ಚಿತ್ತು, ಅಲ್ಲಿದ್ದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ನನ್ನಂಥವರು ಬಂದಷ್ಟೂ ಮಕ್ಕಳು ಬೇಕಾಗುತ್ತಾರೆ, ಹಳ್ಳಿಯಿಂದ ತರುತ್ತಾರೆ. ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ 'ಮಕ್ಕಳು ಪ್ರವಾಸಿ ತಾಣಗಳಲ್ಲ' ಅಂತ ಎಷ್ಟೋ ವರ್ಷದಿಂದ ಹೇಳುತ್ತಿದೆ. ಆ ಪೋಸ್ಟರ್ ನಾನು ಸಿಯೆಮ್ ರೀಪ್‌ನ ಒಂದು ಕೆಫೆಯಲ್ಲಿ ನೋಡಿದ್ದೆ. ಬೇರೆ ಯಾರಿಗೋ ಹೇಳಿದ್ದು ಅಂದುಕೊಂಡು ಕಾಫಿ ಕುಡಿದೆ.

ಅಲ್ಲಿ ಒಳ್ಳೇ ಸ್ಥಳೀಯ ಸಂಸ್ಥೆಗಳೇ ಇಲ್ಲ ಅಂತಲ್ಲ. ಇವೆ. ಆದರೆ ಅವರು ನಿಮ್ಮನ್ನು ನೂರು ಪ್ರಶ್ನೆ ಕೇಳುತ್ತಾರೆ, ಎರಡು ವಾರಕ್ಕೆ ಬರುವವರನ್ನು ಮಕ್ಕಳ ಹತ್ತಿರ ಬಿಡುವುದಿಲ್ಲ. ಪೊಲೀಸ್ ವೆರಿಫಿಕೇಶನ್ ಕೇಳದಿದ್ದರೆ ಹೋಗಬೇಡಿ. ವೀಸಾಗೆ ಸುಳ್ಳು ಹೇಳಿ ಅಂದರೆ ಹೋಗಲೇಬೇಡಿ. ಅಪ್ಪ ಅಮ್ಮನ ವಿಷಯ ಕೇಳಬೇಡಿ ಅಂದರೆ, ಅದನ್ನೇ ಮೊದಲು ಕೇಳಿ.

ಆಫೀಸಿನವರಿಗೆ ಅವರ ಚಂದಾ ದುಡ್ಡು ನನ್ನ ಕೈಯಿಂದ ವಾಪಸ್ ಕೊಟ್ಟೆ. ಇಬ್ಬರು ಬೇಡ ಅಂದರು, ಬಲವಂತ ಮಾಡಿದೆ. ಆದರೆ ಆ ಸಂಸ್ಥೆಯ ಪುಟದಲ್ಲಿ ನನ್ನ ಫೋಟೋ ಇನ್ನೂ ಇದೆ. ನೋಟ್‌ಬುಕ್ಕಿನ ಹುಡುಗಿಯನ್ನು ಎತ್ತಿಕೊಂಡು ಹಲ್ಲು ಕಿರಿಯುತ್ತಿದ್ದೇನೆ, ಕೆಳಗೆ 'ನೀವೂ ಬನ್ನಿ' ಅಂತ ಬರೆದಿದ್ದಾರೆ. ತೆಗೆಯಿರಿ ಅಂತ ಮೂರು ಸಲ ಕೇಳಿದೆ. ಮೂರನೇ ಸಲ ಉತ್ತರ ಬಂತು: "ಯಾಕೆ? ಚೆನ್ನಾಗಿ ಬಂದಿದೆಯಲ್ಲ."